ಎಂಬತ್ತು ಸೆಕೆಂಡಿನ ಲೆಕ್ಕ, ಮೂರು ದಿನದ ಲೆಕ್ಕ

ಬೆಳಿಗ್ಗೆ 10.30ಕ್ಕೆ ಗಂಟೆ. 11.50ಕ್ಕೆ ಮತ್ತೆ ಗಂಟೆ. ನಡುವೆ 60 ಪ್ರಶ್ನೆ. ಸಿಇಟಿ ಬರೆಯುವ ಮಕ್ಕಳಿಗೆ ಈ ಭಾಗಾಕಾರ ಬಾಯಿಪಾಠವಾಗಿರುತ್ತದೆ: ಪ್ರಶ್ನೆಗೆ 80 ಸೆಕೆಂಡು. ಅಷ್ಟರಲ್ಲೇ ಪ್ರಶ್ನೆ ಓದಬೇಕು, ಮೂಲೆಯಲ್ಲಿ ರಫ್ ವರ್ಕ್ ಮಾಡಬೇಕು, ಒಎಂಆರ್ ಹಾಳೆಯಲ್ಲಿ ಸರಿಯಾದ ಸಾಲು ಹುಡುಕಿ ಬಾಲ್ ಪೆನ್ನಿನಿಂದ ಸುತ್ತು ತುಂಬಬೇಕು. ಒಂದು ಸಾಲು ತಪ್ಪಿದರೆ ಮುಂದಿನ ಸುತ್ತುಗಳೆಲ್ಲ ಒಂದೊಂದು ಮನೆ ಜರುಗುತ್ತವೆ. ಲೆಕ್ಕ ಸರಿ, ಉತ್ತರ ಮಾತ್ರ ಪಕ್ಕದ ಮನೆಯದು. ಮಧ್ಯಾಹ್ನ 2.30ಕ್ಕೆ ಇನ್ನೊಂದು ವಿಷಯ, ಮತ್ತೆ ಅದೇ 80 ನಿಮಿಷ.

ಇಂಥ 80 ಸೆಕೆಂಡು ಹೇಗೆ ಕಳೆಯುತ್ತದೆ, ಒಂದು ಲೆಕ್ಕದಲ್ಲಿ ನೋಡಬಹುದು. ಸೈನ್ 10 ಡಿಗ್ರಿ, ಸೈನ್ 50 ಡಿಗ್ರಿ, ಸೈನ್ 70 ಡಿಗ್ರಿ, ಮೂರನ್ನೂ ಗುಣಿಸಿದರೆ ಬರುವ ಬೆಲೆ ಎಷ್ಟು? ನಾಲ್ಕು ಆಯ್ಕೆ: ಎರಡನೇ ಒಂದು, ನಾಲ್ಕನೇ ಒಂದು, ಎಂಟನೇ ಒಂದು, ಹದಿನಾರನೇ ಒಂದು. ಅಜ್ಜಂದಿರ ಮಗ್ಗಿಯಲ್ಲಾದರೆ ಅರೆ, ಕಾಲು, ಅರೆಕಾಲು, ವೀಸ.

ತರಗತಿಯಲ್ಲಿ ಕಲಿಸುವ ದಾರಿ ಹಿಡಿದವರು ಎರಡು ಸೈನ್‌ಗಳ ಗುಣಲಬ್ಧವನ್ನು ಕೊಸೈನ್‌ಗಳ ವ್ಯತ್ಯಾಸವಾಗಿ ಒಡೆದು, ಮತ್ತೆ ಗುಣಿಸಿ, ಮತ್ತೆ ಒಡೆದು ಅರ್ಧ ಪುಟ ತುಂಬಿಸುತ್ತಾರೆ. ಕೈ ಪಳಗದಿದ್ದರೆ ಮೂರು ನಿಮಿಷ. ಎರಡನೇ ದಾರಿ ಸೂತ್ರದ್ದು: ಥೀಟಾ, 60 ಮೈನಸ್ ಥೀಟಾ, 60 ಪ್ಲಸ್ ಥೀಟಾ, ಈ ಮೂರರ ಸೈನ್‌ಗಳನ್ನು ಗುಣಿಸಿದರೆ ಸೈನ್ ಮೂರು ಥೀಟಾದ ಕಾಲು ಭಾಗ. ಇಲ್ಲಿ ಥೀಟಾ 10. ಸೈನ್ 30 ಅಂದರೆ ಅರ್ಧ; ಅದರ ಕಾಲು ಎಂಟನೇ ಒಂದು. ಹತ್ತು ಸೆಕೆಂಡಿನಲ್ಲಿ ಮುಗಿಯಿತು. ಮೂರನೇ ದಾರಿಗೆ ಸೂತ್ರವೂ ಬೇಡ. ಸೈನ್ 10 ಅಂದರೆ ಹೆಚ್ಚುಕಡಿಮೆ 0.17. ಸೈನ್ 50 ಎನ್ನುವುದು 45ರದಕ್ಕಿಂತ ತುಸು ಮೇಲೆ, 0.75 ಅನ್ನೋಣ. ಸೈನ್ 70 ಎನ್ನುವುದು 60ರದಕ್ಕಿಂತ ಮೇಲೆ, 0.93 ಇರಲಿ. ಗುಣಿಸಿದರೆ ಸುಮಾರು 0.12. ನಾಲ್ಕು ಆಯ್ಕೆಗಳಲ್ಲಿ ಇದರ ಹತ್ತಿರ ಇರುವುದು 0.125, ಅಂದರೆ ಎಂಟನೇ ಒಂದು ಮಾತ್ರ.

ಈ ಮೂರನೆಯದನ್ನು ಅನೇಕ ಮೇಷ್ಟ್ರುಗಳು ಅಡ್ಡದಾರಿ ಎಂದು ಬೈಯುತ್ತಾರೆ. ಬೈಗುಳಕ್ಕೆ ಅರ್ಧ ಮಾತ್ರ ನ್ಯಾಯವಿದೆ. ಅದರಿಂದ ತ್ರಿಕೋನಮಿತಿ ಬರುವುದಿಲ್ಲ, ನಿಜ. ಆದರೆ ಸೇತುವೆಯ ನಕ್ಷೆ ಮುಂದಿಟ್ಟುಕೊಂಡ ಎಂಜಿನಿಯರ್ ಮೊದಲು ಮಾಡುವ ಕೆಲಸ ಇದೇ. ಉತ್ತರ ಎಷ್ಟರ ಆಸುಪಾಸಿನಲ್ಲಿ ಇರಬೇಕು ಎಂದು ಕಣ್ಣಂದಾಜು ಹಾಕುವುದು. ಎಂಜಿನಿಯರಿಂಗ್ ಪ್ರವೇಶಕ್ಕೆ ಎಂಜಿನಿಯರನ ಬುದ್ಧಿ ಬಳಸಿದವನನ್ನು ಬೈದು ಏನು ಉಪಯೋಗ?

ಸಿಇಟಿ ಹುಟ್ಟಿದ್ದರ ಹಿಂದೆ ಕೋರ್ಟಿನ ಕಥೆಯಿದೆ. ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರಲ್ಲಿ ಸೀಟು ಕೇಳಿದ್ದ ಉತ್ತರಪ್ರದೇಶದ ಮೋಹಿನಿ ಜೈನ್ ಅವರ ಪ್ರಕರಣದಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್ ಕ್ಯಾಪಿಟೇಷನ್ ಶುಲ್ಕದ ವಿರುದ್ಧ ತೀರ್ಪು ಕೊಟ್ಟಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಬಂತು. ದುಡ್ಡಿನ ಬದಲು ರ‍್ಯಾಂಕಿನ ಮೇಲೆ ಸೀಟು ಹಂಚಲು ಕರ್ನಾಟಕ ಸರ್ಕಾರ 1994ರಲ್ಲಿ ಸಿಇಟಿ ಘಟಕವನ್ನು ತೆರೆಯಿತು. ಇಂದು ಮಲ್ಲೇಶ್ವರದಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅದರ ಬೆಳೆದ ರೂಪ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಂದ ಅರ್ಧ, ಸಿಇಟಿಯಿಂದ ಅರ್ಧ. ಹಳ್ಳಿಯ ಹೈಸ್ಕೂಲು ಮೇಷ್ಟ್ರ ಮಗಳು ಲಕ್ಷಗಟ್ಟಲೆ ಎಣಿಸದೆ ಎಂಜಿನಿಯರ್ ಆಗಬಹುದಾದದ್ದು ಈ 80 ಸೆಕೆಂಡುಗಳ ದೆಸೆಯಿಂದ. ಗಡಿಯಾರವನ್ನು ಶಪಿಸುವಾಗ ಅದನ್ನೂ ನೆನೆಯಬೇಕು.

ಆದರೆ ಅಭ್ಯಾಸದ ಮೇಜಿನ ಮೇಲೂ ಅದೇ ಗಡಿಯಾರ ಬಂದು ಕೂತಿರುವುದು ಸರಿಯಲ್ಲ.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪಠ್ಯಪುಸ್ತಕಗಳ ರಾಶಿ ಕೆದಕಿದವರಿಗೆ ಅಲ್ಲಿ ತುಂಬ ಬೇರೆ ಜಾತಿಯ ಪುಸ್ತಕಗಳೂ ಸಿಗುತ್ತವೆ. ಗಡಿಯಾರ ನೋಡದವರಿಗಾಗಿ ಬರೆದ ಪುಸ್ತಕಗಳು. ಅವುಗಳಲ್ಲಿ ಹೆಸರುವಾಸಿಯಾದದ್ದು ಮಾಸ್ಕೋದ ಪ್ರಾಧ್ಯಾಪಕ ಇಗೊರ್ ಇರೊಡೋವ್ ಅವರ ಭೌತಶಾಸ್ತ್ರದ ಲೆಕ್ಕಗಳ ಸಂಗ್ರಹ. ಸುಮಾರು ಎರಡು ಸಾವಿರ ಲೆಕ್ಕ. ಪಾಠ ಇಲ್ಲ, ಚಿತ್ರ ಕಡಿಮೆ. ಅಧ್ಯಾಯದ ತಲೆಯಲ್ಲಿ ನಾಲ್ಕೈದು ಸೂತ್ರ, ಆಮೇಲೆ ಬರೀ ಲೆಕ್ಕ. ಹಿಂದೆ ಉತ್ತರ ಇದೆ, ವಿವರಣೆ ಇಲ್ಲವೆನ್ನುವಷ್ಟು ಕಡಿಮೆ. ಸೋವಿಯತ್ ಒಕ್ಕೂಟದ ಮೀರ್ ಪ್ರಕಾಶನ ಅದನ್ನು ಇಂಗ್ಲಿಷಿಗೆ ತಂದು ಭಾರತಕ್ಕೆ ಅಗ್ಗದ ಬೆಲೆಗೆ ಕಳಿಸುತ್ತಿತ್ತು. ಕರ್ನಾಟಕದಲ್ಲಿ ನವಕರ್ನಾಟಕದ ಮಳಿಗೆಗಳಿಗೆ ಸೋವಿಯತ್ ಪುಸ್ತಕಗಳು ಬರುತ್ತಿದ್ದ ಕಾಲವನ್ನು ಈಗ ಐವತ್ತು ದಾಟಿದವರು ನೆನೆಸಿಕೊಳ್ಳುತ್ತಾರೆ. ರಷ್ಯನ್ ಮಕ್ಕಳ ಕಥೆಯ ಪಕ್ಕದಲ್ಲೇ ಭೌತಶಾಸ್ತ್ರ. 1991ರಲ್ಲಿ ಒಕ್ಕೂಟ ಒಡೆಯಿತು; ಇರೊಡೋವ್ ಮಾತ್ರ ಭಾರತೀಯ ಮರುಮುದ್ರಣಗಳಲ್ಲಿ ಇಂದಿಗೂ ನಡೆಯುತ್ತಲೇ ಇದ್ದಾರೆ.

ಆ ಪುಸ್ತಕದ ಮೊದಲನೇ ಲೆಕ್ಕವೇ ಒಂದು ಪಾಠ. ಅದನ್ನು ಎತ್ತಿ ತುಂಗಭದ್ರೆಗೆ ಇಳಿಸೋಣ. ನದಿ ಹರಿಯುವ ದಿಕ್ಕಿನಲ್ಲೇ ಒಂದು ಮೋಟಾರು ದೋಣಿ ಹೊರಟಿದೆ. ಸುಮ್ಮನೆ ತೇಲುತ್ತಿರುವ ಒಂದು ತೆಪ್ಪವನ್ನು ಅದು ಹಿಂದೆ ಹಾಕುತ್ತದೆ. ಅಲ್ಲಿಂದ ಸರಿಯಾಗಿ ಒಂದು ತಾಸು ಮುಂದೆ ಹೋಗಿ, ತಿರುಗಿ, ಪ್ರವಾಹಕ್ಕೆ ಎದುರಾಗಿ ಬರುತ್ತದೆ. ಮೊದಲು ತೆಪ್ಪವನ್ನು ದಾಟಿದ ಜಾಗದಿಂದ 6 ಕಿಲೋಮೀಟರ್ ಕೆಳಗೆ ಅದೇ ತೆಪ್ಪ ಮತ್ತೆ ಎದುರಾಗುತ್ತದೆ. ಎಂಜಿನ್ನಿನ ಜೋರು ಉದ್ದಕ್ಕೂ ಒಂದೇ. ನದಿಯ ವೇಗ ಎಷ್ಟು?

ಹಾಸ್ಟೆಲಿನಲ್ಲಿ ಈ ಲೆಕ್ಕ ಕೈಗೆತ್ತಿಕೊಂಡವನ ಮೊದಲ ಮಾತು ಬಹುಪಾಲು ಇದೇ ಆಗಿರುತ್ತದೆ: “ಲೋ, ದೋಣಿ ಸ್ಪೀಡೇ ಕೊಟ್ಟಿಲ್ವಲ್ಲೋ!” ಪಕ್ಕದ ಮಂಚದವನು ಇಣುಕಿ, “ಪ್ರಿಂಟ್ ಮಿಸ್ಟೇಕ್ ಇರ್ಬೇಕು ಮಗಾ, ಬಿಡು” ಅನ್ನುತ್ತಾನೆ.

ಬಿಡದವನು ದೋಣಿಯ ವೇಗ ವಿ, ನೀರಿನ ವೇಗ ಯು, ವಾಪಸು ಬರಲು ಹಿಡಿದ ಕಾಲ ಟಿ ಎಂದು ಬರೆದುಕೊಳ್ಳುತ್ತಾನೆ. ಮೂರು ಗೊತ್ತಿಲ್ಲದ್ದು, ಕೈಯಲ್ಲಿರುವುದು ಎರಡೇ ಸಮೀಕರಣ. ಇಲ್ಲಿಗೆ ಬಂದು ಹೆದರುವವರೇ ಹೆಚ್ಚು. ಹೆದರದೆ ಮುಂದುವರಿದರೆ ಒಂದು ಸಾಲಿನಲ್ಲಿ ಯು ಇರುವ ಪದಗಳೆಲ್ಲ ಎರಡೂ ಕಡೆಯಿಂದ ಹೊಡೆದುಹೋಗಿ, ವಿ ಬರೋಬ್ಬರಿ ವಿಟಿ ಎಂದು ಉಳಿಯುತ್ತದೆ. ಅಂದರೆ ಟಿ ಒಂದು ತಾಸು. ಹೋಗಲೊಂದು ತಾಸು, ಬರಲೊಂದು ತಾಸು. ಎರಡು ತಾಸಿನಲ್ಲಿ ತೆಪ್ಪ ತೇಲಿದ್ದು 6 ಕಿಲೋಮೀಟರ್. ನದಿಯ ವೇಗ ತಾಸಿಗೆ 3 ಕಿಲೋಮೀಟರ್.

ಉತ್ತರ ಬಂತು. ಹೆಚ್ಚಿನವರು ಪುಟ ಮಗುಚುವುದು ಇಲ್ಲೇ. ಒಂದಿಬ್ಬರಿಗೆ ಮಾತ್ರ ತಲೆಯೊಳಗೆ ಗುಂಗಿಹುಳ ಹೊಕ್ಕಿರುತ್ತದೆ: ಹೋಗುವುದಕ್ಕೂ ಬರುವುದಕ್ಕೂ ಅಷ್ಟು ಸರಿಯಾಗಿ ಒಂದೊಂದೇ ತಾಸು ಹೇಗಾಯಿತು? ಪ್ರವಾಹದ ಜೊತೆ ಹೋದಾಗ ಬೇಗ, ಎದುರು ಬಂದಾಗ ನಿಧಾನ ಆಗಬೇಕಿತ್ತಲ್ಲ? ಊಟದ ಸಾಲಿನಲ್ಲಿ, ಸ್ನಾನದ ಮನೆಯಲ್ಲಿ ಅದು ಗುಯ್‌ಗುಟ್ಟುತ್ತಲೇ ಇರುತ್ತದೆ. ಎರಡನೆಯ ದಿನವೋ ಮೂರನೆಯ ದಿನವೋ ಹುಡುಗ ದಡದಿಂದ ಎದ್ದುಹೋಗಿ ತೆಪ್ಪದ ಮೇಲೆ ಕೂರುತ್ತಾನೆ, ಮನಸ್ಸಿನಲ್ಲೇ. ತೆಪ್ಪದ ಮೇಲೆ ಕೂತವನಿಗೆ ನೀರು ಹರಿಯುತ್ತಲೇ ಇಲ್ಲ. ಅದು ಅವನ ಸುತ್ತ ಕೆರೆಯ ಹಾಗೆ ನಿಂತಿದೆ. ನಿಂತ ನೀರಿನಲ್ಲಿ ದೋಣಿ ಒಂದು ತಾಸು ದೂರ ಹೋದರೆ ವಾಪಸು ಬರಲೂ ಒಂದು ತಾಸೇ. ಲೆಕ್ಕ ಬಾಯಲ್ಲೇ ಮುಗಿಯಿತು. ದೋಣಿಯ ವೇಗ ಕೊಡದೇ ಇದ್ದದ್ದು ಅಚ್ಚಿನ ತಪ್ಪಲ್ಲ, ಅದು ಬೇಕೇ ಇರಲಿಲ್ಲ.

ಸಾಪೇಕ್ಷ ವೇಗ ಎಂಬ ಅಧ್ಯಾಯವನ್ನು ಎಷ್ಟು ಸಲ ಓದಿದರೂ ಬಾರದ್ದು ಆ ಮೂರು ದಿನದಲ್ಲಿ ಬಂದಿರುತ್ತದೆ. ವಿವರಣೆಯ ವಿಡಿಯೊ ನೋಡಿದ್ದರೆ ಎರಡೇ ನಿಮಿಷ. ನೋಡಿದವನಿಗೂ “ಓ, ಇಷ್ಟೇನಾ” ಅನ್ನಿಸುತ್ತದೆ, ಅರ್ಥವಾದ ಸುಖವೂ ಆಗುತ್ತದೆ. ವ್ಯತ್ಯಾಸ ತಿಳಿಯುವುದು ತಿಂಗಳ ನಂತರ, ನದಿಯ ಬದಲು ಗಾಳಿ, ತೆಪ್ಪದ ಬದಲು ಬಲೂನು ಬಂದಾಗ. ಜಾರ್ಜ್ ಪೋಲ್ಯಾ ಎಂಬ ಗಣಿತಜ್ಞ 1945ರಲ್ಲಿ ಲೆಕ್ಕ ಬಿಡಿಸುವುದು ಹೇಗೆಂದೇ ಒಂದು ಪುಟ್ಟ ಪುಸ್ತಕ ಬರೆದರು. ಲೆಕ್ಕವನ್ನು ತಿಳಿದುಕೊ, ದಾರಿ ಯೋಚಿಸು, ನಡೆಸು ಎಂಬ ಮೂರು ಹೆಜ್ಜೆ ಯಾರಾದರೂ ಹೇಳುವಂಥವು. ಅವರ ನಾಲ್ಕನೆಯ ಹೆಜ್ಜೆ, ಉತ್ತರ ಬಂದ ಮೇಲೆ ಹಿಂದಿರುಗಿ ನೋಡು ಎಂಬುದು. ತೆಪ್ಪದ ಮೇಲೆ ಕೂತ ಹುಡುಗ ಮಾಡಿದ್ದು ಅದನ್ನೇ. ಟ್ಯೂಷನ್ ವೇಳಾಪಟ್ಟಿಯಲ್ಲಿ ಜಾಗವಿಲ್ಲದ್ದೂ ಅದಕ್ಕೇ.

ಅವೆನ್ಯೂ ರಸ್ತೆಯ ರಾಶಿಯಲ್ಲಿ ಇನ್ನೂ ಹಳಬರಿದ್ದಾರೆ. ಹಾಲ್ ಮತ್ತು ನೈಟ್ ಅವರ ಬೀಜಗಣಿತ 1887ರದು. ಎಸ್.ಎಲ್. ಲೋನಿ ಅವರ ತ್ರಿಕೋನಮಿತಿ 1893ರದು. ಕುಂಭಕೋಣದ ಶಾಲಾ ಹುಡುಗ ಶ್ರೀನಿವಾಸ ರಾಮಾನುಜನ್ ಅರೆದು ಕುಡಿದದ್ದು ಇದನ್ನೇ. ಅದೇ ಪುಸ್ತಕವನ್ನು ಇವತ್ತಿನ ಪಿಯುಸಿ ಹುಡುಗಿ ಬಗಲಿಗೆ ಹಾಕಿಕೊಂಡು ಬಸ್ಸು ಹತ್ತುತ್ತಾಳೆ. ಪಠ್ಯಕ್ರಮ ಎಷ್ಟು ಸಲ ಬದಲಾದರೂ ತ್ರಿಭುಜದ ಮೂರು ಕೋನ 180 ಡಿಗ್ರಿಯೇ ಆಗಿರುವುದರ ಅನುಕೂಲ ಇದು.

ಇವರ ಪಕ್ಕದಲ್ಲಿ ಎಚ್.ಸಿ. ವರ್ಮಾ ಇರಲೇಬೇಕು. ಪಟ್ನಾದಲ್ಲಿ ಪಾಠ ಹೇಳಿ, ಆಮೇಲೆ ಐಐಟಿ ಕಾನ್ಪುರದಲ್ಲಿ ಪ್ರಾಧ್ಯಾಪಕರಾಗಿದ್ದ ವರ್ಮಾ ಅವರ ಎರಡು ಸಂಪುಟದ ಭೌತಶಾಸ್ತ್ರ 1992ರಲ್ಲಿ ಬಂತು. ಒಟ್ಟು 47 ಅಧ್ಯಾಯ. ಮೊದಲು ಪಾಠ, ನಂತರ ಬಿಡಿಸಿದ ಲೆಕ್ಕ, ಆಮೇಲೆ ಬರೀ ಬಾಯಿಮಾತಿನ ಪ್ರಶ್ನೆ, ಎರಡು ಬಗೆಯ ಆಯ್ಕೆ ಪ್ರಶ್ನೆ, ಕೊನೆಗೆ ಅಭ್ಯಾಸದ ಲೆಕ್ಕ. ಬಿಡಿಸಿದ ಲೆಕ್ಕ ನೋಡಿ ಧೈರ್ಯ ಬಂದವನು ಕೊನೆಯ ಗುಂಪಿಗೆ ಬರುವಷ್ಟರಲ್ಲಿ ಬೆವರುತ್ತಾನೆ. ಇರೊಡೋವ್ ನೇರ ಬಾವಿಗೆ ನೂಕಿದರೆ ವರ್ಮಾ ಮೆಟ್ಟಿಲು ಕಟ್ಟಿ ಇಳಿಸುತ್ತಾರೆ. ಈಜುವುದನ್ನು ಮಾತ್ರ ನಾವೇ ಕಲಿಯಬೇಕು.

ಲೆಕ್ಕಗಳ ಮೂಲಕ ಗಣಿತ ಕಲಿಸುವುದು ಮಾಸ್ಕೋದಿಂದಲೋ ಪಟ್ನಾದಿಂದಲೋ ನಮ್ಮಲ್ಲಿಗೆ ಬಂದದ್ದೂ ಅಲ್ಲ. ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲದ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ‘ಕವಿರಾಜಮಾರ್ಗ’ಕ್ಕೆ ಆಶ್ರಯ ಕೊಟ್ಟ ಅಮೋಘವರ್ಷ ನೃಪತುಂಗನ ಕಾಲದಲ್ಲೇ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಭಾಷೆ ಸಂಸ್ಕೃತ, ಲೆಕ್ಕಗಳು ರಸಿಕನವು. ಒಂದು ಹೀಗಿದೆ: ಸರಸದ ಜಗಳದಲ್ಲಿ ಹೆಣ್ಣಿನ ಮುತ್ತಿನ ಹಾರ ಹರಿಯಿತು. ಮೂರನೇ ಒಂದು ಪಾಲು ದಾಸಿಯ ಕೈ ಸೇರಿತು, ಆರನೇ ಒಂದು ಪಾಲು ಹಾಸಿಗೆಗೆ ಬಿತ್ತು. ಉಳಿದದ್ದರ ಅರ್ಧ, ಮತ್ತೆ ಉಳಿದದ್ದರ ಅರ್ಧ, ಹೀಗೆ ಆರು ಸಲ ಅಲ್ಲಲ್ಲಿ ಚೆಲ್ಲಿಹೋಯಿತು. ದಾರದಲ್ಲಿ ಉಳಿದವು 1,161. ಹಾರದಲ್ಲಿ ಎಷ್ಟು ಮುತ್ತಿದ್ದವು?

ಎಕ್ಸ್ ಎಂದು ಶುರು ಮಾಡಿದರೂ ಆದೀತು. ಹಿಂದಿನಿಂದ ನಡೆದರೆ ಹಿತ. 1,161ನ್ನು ಆರು ಸಲ ಇಮ್ಮಡಿ ಮಾಡುತ್ತ ಹೋದರೆ 2,322, 4,644, 9,288, 18,576, 37,152, 74,304. ಮೂರನೇ ಒಂದು ಮತ್ತು ಆರನೇ ಒಂದು ಸೇರಿ ಅರ್ಧ ಹೋಗಿತ್ತಾದ್ದರಿಂದ 74,304 ಎನ್ನುವುದು ಉಳಿದ ಅರ್ಧ. ಇನ್ನೊಂದು ಸಲ ಇಮ್ಮಡಿ: 1,48,608. ಒಂದೂವರೆ ಲಕ್ಷದ ಹತ್ತಿರ ಮುತ್ತು! ಅಂಥ ಹಾರ ಹೊತ್ತ ಕೊರಳು ಯಾವುದೋ. ಇಂದಿನ ಗೈಡುಗಳಲ್ಲಿ ಒಬ್ಬನೇ ಅರವತ್ತು ಕಲ್ಲಂಗಡಿ ಕೊಳ್ಳುವುದನ್ನು ಕಂಡು ನಗುವವರು, ಲೆಕ್ಕ ಬರೆಯುವವರಿಗೆ ಲೋಕಜ್ಞಾನ ಕಮ್ಮಿಯಾದದ್ದು ಇತ್ತೀಚೆಗಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬಹುದು.

ಈಚಿನ ಕಾಲಕ್ಕೆ ಬಂದರೆ ಅಭ್ಯಾಸದ ಲೆಕ್ಕ ಒಂದು ಉದ್ಯಮ. ಐಐಟಿಗಳ ಜೆಇಇ ಶುರುವಾದದ್ದು 1961ರಲ್ಲಿ. ದಶಕಗಳ ಕಾಲ ಅದರಲ್ಲಿ ಲೆಕ್ಕವನ್ನು ಹೆಜ್ಜೆ ಹೆಜ್ಜೆಯಾಗಿ ಬರೆದು ತೋರಿಸಬೇಕಿತ್ತು. 2006ರಿಂದ ಹಾಗೆ ಬರೆದು ತೋರಿಸುವುದು ನಿಂತಿತು, ಉತ್ತರ ಮಾತ್ರ ಗುರುತಿಸಿದರೆ ಸಾಕು. ರಾಜಸ್ಥಾನದ ಕೋಟಾದಲ್ಲಿ ಸಿಂಥೆಟಿಕ್ಸ್ ಕಾರ್ಖಾನೆಯ ಎಂಜಿನಿಯರ್ ವಿನೋದ್ ಕುಮಾರ್ ಬನ್ಸಲ್, ಸ್ನಾಯು ಕ್ಷೀಣಿಸುವ ಕಾಯಿಲೆಯಿಂದ ಗಾಲಿಕುರ್ಚಿ ಹಿಡಿದವರು, ಮನೆಪಾಠದಿಂದ ಆರಂಭಿಸಿ 1991ರಲ್ಲಿ ತರಗತಿ ತೆರೆದರು. ಆ ಊರಿನ ಹಣೆಬರಹವೇ ಬದಲಾಯಿತು. ಡಿಪಿಪಿ, ಅಂದರೆ ದಿನದ ಲೆಕ್ಕದ ಹಾಳೆ, ಎಂಬ ಪದ ಕೋಟಾದಿಂದ ಹೊರಟು ಮಂಗಳೂರು, ಮೂಡುಬಿದಿರೆ, ದಾವಣಗೆರೆಯ ಹಾಸ್ಟೆಲುಗಳ ತನಕ ಬಂದಿದೆ. ಹದಿನಾರು ತುಂಬದ ಮಕ್ಕಳನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದು ಎಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಬೇಕಾಗಿ ಬಂತು ಎಂದರೆ ಹಾಳೆ ಎಷ್ಟು ಎಳೆಯ ಕೈಗಳಿಗೆ ತಲುಪಿತ್ತು ಎಂದು ಊಹಿಸಬಹುದು.

ದಿನದ ಹಾಳೆ ಒಳ್ಳೆಯದೇ. ಆದರೆ ಸಾಮಾನ್ಯವಾಗಿ ಅದರಲ್ಲಿರುವುದು ಆ ದಿನದ ಪಾಠದ್ದೇ ಲೆಕ್ಕ. ಬೆಳಿಗ್ಗೆ ಘರ್ಷಣೆಯ ಪಾಠ, ಸಂಜೆ ಘರ್ಷಣೆಯ ಮೂವತ್ತು ಲೆಕ್ಕ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಕೈ ತಾನಾಗಿ ಓಡುತ್ತದೆ. ಇದು ಯಾವ ಬಗೆಯ ಲೆಕ್ಕ ಎಂದು ಯೋಚಿಸುವ ಕೆಲಸವನ್ನು ಹಾಳೆಯ ತಲೆಬರಹವೇ ಮಾಡಿಕೊಟ್ಟಿರುತ್ತದೆ. ಪರೀಕ್ಷೆಯಲ್ಲಿ ತಲೆಬರಹ ಇರುವುದಿಲ್ಲ.

ಅಮೆರಿಕದ ಸೌತ್ ಫ್ಲಾರಿಡಾ ವಿಶ್ವವಿದ್ಯಾಲಯದ ಡೌಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನೇ ಅಳೆಯಿತು. ಯಾರೂ ಮೊದಲೇ ಕೇಳಿರದಂಥ ನಾಲ್ಕು ವಿಚಿತ್ರ ಘನಾಕೃತಿಗಳ ಘನಫಲ ಕಂಡುಹಿಡಿಯುವುದನ್ನು ಕಾಲೇಜು ವಿದ್ಯಾರ್ಥಿಗಳಿಗೆ ಕಲಿಸಿದರು. ಒಂದು ಗುಂಪಿಗೆ ಒಂದೊಂದು ಆಕೃತಿಯ ಲೆಕ್ಕವೂ ಒಟ್ಟೊಟ್ಟಿಗೆ. ಇನ್ನೊಂದಕ್ಕೆ ನಾಲ್ಕೂ ಕಲಸಿ. ಅಭ್ಯಾಸದ ಹೊತ್ತಿನಲ್ಲಿ ಒಟ್ಟೊಟ್ಟಿಗೆ ಮಾಡಿದವರು 89 ಶೇಕಡಾ ಸರಿ, ಕಲಸಿ ಮಾಡಿದವರು 60 ಮಾತ್ರ. ಒಂದು ವಾರ ಬಿಟ್ಟು ಪರೀಕ್ಷೆ ಕೊಟ್ಟಾಗ ಮೊದಲ ಗುಂಪು 20ಕ್ಕೆ ಕುಸಿಯಿತು, ಎರಡನೆಯದು 63. ಕಲಸಿ ಮಾಡಿದವರು ಹೆಚ್ಚುಕಡಿಮೆ ಏನನ್ನೂ ಕಳೆದುಕೊಂಡಿರಲಿಲ್ಲ. ಅಭ್ಯಾಸದಲ್ಲಿ ತಡವರಿಸಿದವರೇ ಕಲಿತಿದ್ದರು. ಆದರೆ ತಡವರಿಸುವುದು ನೋಡಲು ಚೆನ್ನಾಗಿರುವುದಿಲ್ಲ. ವಾರದ ಟೆಸ್ಟಿನ ಅಂಕ ಅಪ್ಪನ ಮೊಬೈಲಿಗೆ ಬರುವಾಗ 89 ಚೆಂದ, 60 ಕಂಡರೆ ಫೋನು ಬರುತ್ತದೆ: “ಏನಮ್ಮಾ, ಓದ್ತಾ ಇಲ್ವಾ?”

ಲೆಕ್ಕಕ್ಕಿಂತ ಮುಂಚೆ ಲೆಕ್ಕದ ವಾಕ್ಯ ಬರುತ್ತದೆ. ಹತ್ತನೇ ತರಗತಿ ತನಕ ಕನ್ನಡದಲ್ಲಿ ಓದಿ ಪಿಯುಸಿಯಲ್ಲಿ ಇಂಗ್ಲಿಷಿಗೆ ಜಿಗಿಯುವವರ ಕಷ್ಟ ಇಲ್ಲಿದೆ. ಜವ, ವೇಗ, ವೇಗೋತ್ಕರ್ಷ, ಸಂವೇಗ, ಸಮಾಂತರ ಶ್ರೇಢಿ, ಬಹುಪದೋಕ್ತಿ, ಸ್ಪರ್ಶಕ ಎಲ್ಲ ನೀರು ಕುಡಿದಷ್ಟು ಸಲೀಸಾಗಿದ್ದ ಹುಡುಗಿ ಜೂನ್ ತಿಂಗಳಲ್ಲಿ ಒಮ್ಮೆಲೇ ಮೂಕಿಯಾಗುತ್ತಾಳೆ. ಸ್ಪೀಡಿಗೆ ಜವ, ವೆಲಾಸಿಟಿಗೆ ವೇಗ ಎಂದು ಕನ್ನಡ ಪಠ್ಯ ಗೆರೆ ಕೊರೆದು ಹೇಳಿದ್ದನ್ನು ಕಲಿತವಳು ಅವಳು. ಪಕ್ಕದ ಇಂಗ್ಲಿಷ್ ಮೀಡಿಯಂ ಹುಡುಗ ಎರಡನ್ನೂ ಒಂದೇ ಎಂದು ಬಳಸುವುದನ್ನು ಕಂಡು ಅವಳಿಗೆ ಗೊಂದಲ. ದೊಡ್ಡ ಪಾರಿಭಾಷಿಕ ಪದಗಳು ದೀಪಾವಳಿಯ ಹೊತ್ತಿಗೆ ಬಾಯಿಗೆ ಬಂದುಬಿಡುತ್ತವೆ. ಕಾಲಿಗೆ ತೊಡರುವುದು ಸಣ್ಣವು. ‘ಲೈಟ್ ಸ್ಟ್ರಿಂಗ್’ ಎಂದರೆ ಬೆಳಕಿನ ದಾರವಲ್ಲ, ತೂಕ ಲೆಕ್ಕಕ್ಕಿಡದಂಥ ಹಗುರ ದಾರ. ‘ಸ್ಮೂತ್’ ಎಂದರೆ ಬರೀ ನುಣುಪಲ್ಲ, ಘರ್ಷಣೆಯನ್ನು ಸೊನ್ನೆ ಮಾಡು ಎಂಬ ಅಪ್ಪಣೆ. ‘ಜಸ್ಟ್’ ಎಂಬ ನಾಲ್ಕಕ್ಷರದ ಪದವೊಂದು ಇಡೀ ಸಮೀಕರಣವನ್ನು ಬಚ್ಚಿಟ್ಟುಕೊಂಡಿರುತ್ತದೆ: ಪೆಟ್ಟಿಗೆ ‘ಜಸ್ಟ್’ ಜಾರತೊಡಗಿತು ಎಂದರೆ ಘರ್ಷಣೆ ತನ್ನ ಗರಿಷ್ಠ ಬೆಲೆಯನ್ನು ಮುಟ್ಟಿದೆ ಎಂದು ಓದಿಕೊಳ್ಳಬೇಕು. ಇಂಥ ಇಪ್ಪತ್ತು ಪದಗಳ ಪಟ್ಟಿಯನ್ನು ಮೊದಲ ವಾರವೇ ಬೋರ್ಡಿನ ಮೇಲೆ ಬರೆದುಕೊಡುವ ಮೇಷ್ಟ್ರು ಸಿಕ್ಕಿದವರು ಪುಣ್ಯವಂತರು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ 5ರ ಮೀಸಲಾತಿ ಇದೆ. ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ನಡೆಯುತ್ತಿದೆ, ಅಡ್ವಾನ್ಸ್ಡ್ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಆದರೆ ಅಭ್ಯಾಸದ ಪುಸ್ತಕವೇ ಕನ್ನಡದಲ್ಲಿ ವಿರಳವಾಗಿರುವಾಗ ಪ್ರಶ್ನೆಪತ್ರಿಕೆ ಮಾತ್ರ ಕನ್ನಡದಲ್ಲಿ ಬಂದರೆ, ಅಡುಗೆ ಮಾಡದ ಮನೆಯಲ್ಲಿ ಎಲೆ ಹಾಕಿದ ಹಾಗೆ.

ಕೆಲವೊಮ್ಮೆ ತಪ್ಪು ಪ್ರಶ್ನೆಯದೇ. 2024ರ ಏಪ್ರಿಲ್‌ನಲ್ಲಿ ನಡೆದ ಸಿಇಟಿಯಲ್ಲಿ ಪಠ್ಯಕ್ರಮದಿಂದ ತೆಗೆದುಹಾಕಿದ್ದ ಭಾಗಗಳಿಂದ ಪ್ರಶ್ನೆಗಳು ಬಂದವು. ಗಲಾಟೆಯಾಯಿತು, ತಜ್ಞರು ಕೂತು ನೋಡಿದರು, ನಾಲ್ಕು ವಿಷಯಗಳ 240 ಪ್ರಶ್ನೆಗಳಲ್ಲಿ 50ನ್ನು ಮೌಲ್ಯಮಾಪನದಿಂದಲೇ ಕೈಬಿಡಲಾಯಿತು. 2017ರ ಜೆಇಇ ಅಡ್ವಾನ್ಸ್ಡ್‌ನಲ್ಲಿ ಅಸ್ಪಷ್ಟ ಪ್ರಶ್ನೆಗಳಿಗಾಗಿ ಎಲ್ಲರಿಗೂ 18 ಅಂಕ ಕೊಟ್ಟಾಗ ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ಅಂಥ ಪ್ರಶ್ನೆಯೊಂದರ ಮುಂದೆ ಏಳು ನಿಮಿಷ ಬೆವರು ಸುರಿಸಿದವನಿಗೆ ಅಂಕ ವಾಪಸು ಬರುತ್ತದೆ, ಏಳು ನಿಮಿಷ ಬರುವುದಿಲ್ಲ. ಕೈಯಲ್ಲಿರುವ ಲೆಕ್ಕವನ್ನು ಬಿಟ್ಟು ಏಳುವುದೂ ಒಂದು ವಿದ್ಯೆ. ಅದನ್ನು ಕಲಿಸಲು ಮಾಕ್ ಟೆಸ್ಟುಗಳು ಬೇಕು. ಮನೆಯಲ್ಲಿ ಬಿಡಬಾರದ ಲೆಕ್ಕವನ್ನು ಹಾಲಿನಲ್ಲಿ ಬಿಡಬೇಕು. ಎರಡನ್ನೂ ಒಂದೇ ತಲೆಗೆ ಒಂದೇ ವರ್ಷದಲ್ಲಿ ಕಲಿಸಬೇಕಾಗಿರುವುದೇ ಈ ಪರೀಕ್ಷೆಗಳ ಫಜೀತಿ. ಜೆಇಇ ಮೇನ್‌ನಲ್ಲಿ ಮೂರು ತಾಸಿಗೆ 75 ಪ್ರಶ್ನೆ, ಅಂದರೆ ಒಂದಕ್ಕೆ 2 ನಿಮಿಷ 24 ಸೆಕೆಂಡು. ಗಡಿಯಾರ ಅಲ್ಲೂ ಇದೆ, ಸ್ವಲ್ಪ ಉದಾರಿ ಅಷ್ಟೆ.

ಊಹೆಯ ಲೆಕ್ಕವನ್ನೂ ಹಾಕಿಬಿಡೋಣ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಖಾಲಿ ಬಿಟ್ಟ ಸುತ್ತು ಶುದ್ಧ ನಷ್ಟ. ಜೆಇಇ ಮೇನ್‌ನ ಆಯ್ಕೆ ಪ್ರಶ್ನೆಯಲ್ಲಿ ಸರಿಗೆ ನಾಲ್ಕು, ತಪ್ಪಿಗೆ ಮೈನಸ್ ಒಂದು; ಕಣ್ಣುಮುಚ್ಚಿ ಹೊಡೆಯಬೇಡ ಎಂದು ಎಲ್ಲರೂ ಹೆದರಿಸುತ್ತಾರೆ. ಪಿಯುಸಿಯ ಸಂಭಾವ್ಯತೆಯ ಪಾಠವನ್ನೇ ಕೇಳಿ. ನಾಲ್ಕರಲ್ಲಿ ಒಂದು ಸಲ ನಾಲ್ಕು ಸಿಗುತ್ತದೆ, ಮೂರು ಸಲ ಒಂದೊಂದು ಹೋಗುತ್ತದೆ. ನಾಲ್ಕು ಊಹೆಗೆ ಸರಾಸರಿ ಒಂದು ಅಂಕ ಲಾಭ, ಊಹೆಗೆ ಕಾಲು ಅಂಕ. ಒಂದು ಆಯ್ಕೆ ಖಂಡಿತ ತಪ್ಪೆಂದು ಹೊಡೆದುಹಾಕಿದರೆ ಆ ಕಾಲು ಮೂರನೇ ಎರಡಕ್ಕೆ ಏರುತ್ತದೆ. ಹಾಗೆಂದು ಐದು ಕುರುಡು ಊಹೆಗಳೂ ತಪ್ಪಿಹೋಗುವ ಸಂಭವ ನೂರಕ್ಕೆ ಇಪ್ಪತ್ತನಾಲ್ಕರ ಹತ್ತಿರ ಇದೆ, ಸಣ್ಣದೇನಲ್ಲ. ಹೆದರಿಸುವವರಾಗಲಿ ಹುರಿದುಂಬಿಸುವವರಾಗಲಿ ಈ ನಾಲ್ಕು ಸಾಲು ಬರೆದು ತೋರಿಸಿದರೆ ಮಕ್ಕಳು ತಾವೇ ನಿರ್ಧರಿಸುತ್ತಾರೆ. ಸಂಭಾವ್ಯತೆಯ ಪಾಠಕ್ಕೂ ಒಂದು ಜೀವ ಬರುತ್ತದೆ.

ಇನ್ನೊಂದು ಬಗೆಯ ತಪ್ಪಿದೆ, ಮಕ್ಕಳು ‘ಸಿಲ್ಲಿ ಮಿಸ್ಟೇಕ್’ ಎಂದು ತೇಲಿಸಿಬಿಡುವಂಥದ್ದು. ರಸಾಯನಶಾಸ್ತ್ರದ ಈ ಹಳೆಯ ಖೆಡ್ಡಾ ನೋಡಿ: ಹೈಡ್ರೋಕ್ಲೋರಿಕ್ ಆಮ್ಲದ ಸಾರತೆ ಲೀಟರಿಗೆ ಹತ್ತರ ಘಾತ ಮೈನಸ್ ಎಂಟು ಮೋಲ್. ದ್ರಾವಣದ ಪಿಎಚ್ ಎಷ್ಟು? ಸೂತ್ರ ಗೊತ್ತಿದ್ದವರು ಹತ್ತು ಸೆಕೆಂಡಿನಲ್ಲಿ 8 ಎಂದು ಗುರುತು ಹಾಕಿ ಖುಷಿಯಿಂದ ಮುಂದೆ ಹೋಗುತ್ತಾರೆ. ಪಿಎಚ್ 7ಕ್ಕಿಂತ ಹೆಚ್ಚಿದ್ದರೆ ಅದು ಪ್ರತ್ಯಾಮ್ಲ. ನೀರಿಗೆ ಆಮ್ಲ ಹಾಕಿ ಪ್ರತ್ಯಾಮ್ಲ ಮಾಡಿದಂತಾಯಿತು! ಇಷ್ಟು ತೆಳ್ಳಗಾದಾಗ ಆಮ್ಲಕ್ಕಿಂತ ನೀರಿನದೇ ಹೈಡ್ರೋಜನ್ ಅಯಾನುಗಳು ಹೆಚ್ಚು. ಅವನ್ನೂ ಸೇರಿಸಿ ಒಂದು ವರ್ಗ ಸಮೀಕರಣ ಬಿಡಿಸಿದರೆ ಪಿಎಚ್ ಸುಮಾರು 6.98. ಏಳರ ಹೊಸ್ತಿಲ ಕೆಳಗೆ, ಒಂದು ಕೂದಲೆಳೆಯಷ್ಟು.

ಇದು ಸಿಲ್ಲಿ ಅಲ್ಲ. ಸೂತ್ರವನ್ನು ನಂಬಿ ನೀರನ್ನು ಮರೆತದ್ದು. ಕೆಲವು ಉಪನ್ಯಾಸಕರು ಮಕ್ಕಳಿಂದ ಒಂದು ತಪ್ಪಿನ ನೋಟ್‌ಬುಕ್ ಇಡಿಸುತ್ತಾರೆ. ನೂರು ಪುಟದ ಕಿಂಗ್ ಸೈಜ್ ಪುಸ್ತಕ. ಎಡಪುಟದಲ್ಲಿ ತಪ್ಪಿದ ಲೆಕ್ಕ ತಪ್ಪಿದ ಹಾಗೆಯೇ, ಬಲಪುಟದಲ್ಲಿ ಒಂದೇ ಸಾಲು, ಯಾಕೆ ತಪ್ಪಿತು ಎಂದು. ಮೊದಲ ತಿಂಗಳು ಬಲಪುಟದ ತುಂಬ ‘ಕೇರ್‌ಲೆಸ್’ ಎಂದೇ ಇರುತ್ತದೆ. ಮೂರನೆಯ ತಿಂಗಳಿಗೆ ಬರಹ ಬದಲಾಗುತ್ತದೆ: ‘ಕೋನ ರೇಡಿಯನ್‌ನಲ್ಲಿದೆ ಅಂತ ನೋಡಲಿಲ್ಲ.’ ‘ವರ್ಗಮೂಲದ ಮೈನಸ್ ಬಿಟ್ಟೆ, ಮೂರನೇ ಸಲ.’ ‘ನೀರಿನ ಎಚ್ ಪ್ಲಸ್ ಮರೆತೆ.’ ಹೀಗೆ ಬರೆಯಲು ಬಂದ ಹುಡುಗಿಗೆ ಬೇರೆ ಟ್ಯೂಷನ್ ಯಾಕೆ ಬೇಕು ಎಂದು ಕೇಳಬಹುದು. ಮನೆಯವರು ಕೇಳುವುದಿಲ್ಲ, ಫೀಸು ಕಟ್ಟಿ ಆಗಿರುತ್ತದೆ.

ತುಂಗಭದ್ರೆಯ ದಡದಿಂದ ಹೊರಡುವ ಮುನ್ನ ಇನ್ನೊಂದು ಲೆಕ್ಕ. ಇದಕ್ಕೆ ಪೆನ್ನು ಬೇಡ. ಆನೆಗೊಂದಿಯ ಕಡೆ ಸಿಗುವಂಥ ಹರಿಗೋಲೊಂದನ್ನು ಒಂದು ಪುಟ್ಟ ಕಲ್ಯಾಣಿಗೆ ಇಳಿಸಿದ್ದಾರೆ. ಅದರಲ್ಲಿ ಒಬ್ಬ ಮನುಷ್ಯ, ಅವನ ಕಾಲ ಬಳಿ ಒಂದು ದೊಡ್ಡ ಗುಂಡುಕಲ್ಲು. ಅವನು ಕಲ್ಲನ್ನು ಎತ್ತಿ ನೀರಿಗೆ ಹಾಕುತ್ತಾನೆ. ಅದು ತಳ ಸೇರುತ್ತದೆ. ಕಲ್ಯಾಣಿಯ ಮೆಟ್ಟಿಲ ಮೇಲೆ ಮೊದಲೇ ಸೀಮೆಸುಣ್ಣದಿಂದ ನೀರಿನ ಗೆರೆ ಗುರುತು ಮಾಡಿದ್ದರು. ಈಗ ನೀರು ಆ ಗೆರೆಗಿಂತ ಮೇಲಕ್ಕೆ ಬಂದಿರುತ್ತದೆಯೋ, ಕೆಳಕ್ಕೆ ಇಳಿದಿರುತ್ತದೆಯೋ, ಅಲ್ಲೇ ಇರುತ್ತದೆಯೋ? ನಾಲ್ಕನೆಯ ಆಯ್ಕೆ, ಕೊಟ್ಟಿರುವ ಮಾಹಿತಿ ಸಾಲದು.

ಉತ್ತರ ಮುಂದಿನ ಪುಟದಲ್ಲೂ ಇಲ್ಲ, ತಲೆಕೆಳಗಾಗಿ ಅಚ್ಚು ಹಾಕಿಯೂ ಇಲ್ಲ.